ಕಪ್ಪಾಗದ ಬೆರಳು

ಆಸಿಡ್ ಬಾಟಲಿ ನನ್ನ ಎಡಗಾಲಿನ ಮೇಲೆ ಬಾಗಿತ್ತು.

ಹಿಡಿದವನ ಹೆಸರು ಗೊಲ್ಲಾಳಪ್ಪ. ಆರಡಿ ಆಳು. ಕೈಯೋ... ಹಾಸುಗಲ್ಲು! ಒಂದು ಕೈ ನನ್ನ ಹೆಗಲನ್ನು ಅದುಮಿತ್ತು. ಇನ್ನೊಂದರಲ್ಲಿ ಎರಡೂವರೆ ಲೀಟರಿನ ಬಾಟಲಿ. ಲೇಬಲ್ಲಿನ ಮೇಲೆ ತಲೆಬುರುಡೆ. ಕೆಳಗೆ ಇಂಗ್ಲಿಷಿನಲ್ಲಿ: ನೈಟ್ರಿಕ್ ಆಸಿಡ್, ಕಾನ್ಸಂಟ್ರೇಟೆಡ್.

ಶಹಾಬಾದಿನ ಹಾಳುಬಿದ್ದ ಕಲ್ಲಿನ ಖಣಿ. ಅದರ ಅಂಚಿಗೆ ತಗಡಿನ ಶೆಡ್. ಮೇ ತಿಂಗಳ ಮಧ್ಯಾಹ್ನ ಒಂದು ಗಂಟೆ. ಕಾದ ತಗಡು ಟಕ್ ಟಕ್ ಅನ್ನುತ್ತಿತ್ತು. ನನ್ನ ಹಲ್ಲುಗಳೂ ಹಾಗೇ ಅನ್ನುತ್ತಿದ್ದವು. ಅದು ಬಿಸಿಲಿಗಲ್ಲ.

"ಇಲ್ಲಿಗಿ ಬರೋದು ಯಾರಿಗಿ ಹೇಳಿ ಬಂದಿ?" ಎದುರಿನ ಕುರ್ಚಿಯಿಂದ ಭೀಮಶಾ ಕೇಳಿದ.

"ಯಾರಿಗೂ ಇಲ್ಲ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಹೊರಗೆ ಹತ್ತು ಪೊಲೀಸರಿದ್ದಾರೆ ಅನ್ನಬೇಕಿತ್ತು! ಆದರೆ ಹೆದರಿದಾಗ ನನ್ನ ಬಾಯಿಂದ ಬರೀ ನಿಜ ಬರುತ್ತದೆ. ಕೆಟ್ಟ ಚಾಳಿ.

"ಎಂಟು ವರ್ಷದ ದೋಸ್ತಿ, ಮಡಿವಾಳಯ್ಯ..." ಭೀಮಶಾ ನಿಟ್ಟುಸಿರು ಬಿಟ್ಟ. "ಗೊಲ್ಲಾಳ್ಯಾ, ಹಾಕು."

ಒಂದು ನಿಮಿಷ ತಡೆಯಿರಿ. ಬಾಟಲಿ ಅಲ್ಲೇ ಬಾಗಿರಲಿ. ನಾನು ಯಾರು, ಅಲ್ಲಿಗೆ ಹೇಗೆ ಹೋದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ನನ್ನನ್ನು ಡಿಟೆಕ್ಟಿವ್ ಅಂದುಕೊಂಡಿದ್ದರೆ ಕ್ಷಮಿಸಿ. ನಾನು ಸೇಡಂನ ಪಿ.ಜಿ. ಸೆಂಟರಿನಲ್ಲಿ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್. ವಯಸ್ಸು ನಲವತ್ತೆರಡು. ಹೊಟ್ಟೆ ನನಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತದೆ. ಪಿಸ್ತೂಲಿಲ್ಲ, ಸ್ಕ್ರೂಡ್ರೈವರ್ ಇದೆ. ಕರಾಟೆ ಬರುವುದಿಲ್ಲ, ಬೆಸುಗೆ ಬರುತ್ತದೆ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಏನು ಕೆಟ್ಟರೂ ನನ್ನನ್ನೇ ಕರೆಯುತ್ತಾರೆ.

2007ರ ಆ ಬೇಸಿಗೆಯಲ್ಲಿ ಕೆಟ್ಟಿದ್ದು ಮಷೀನಲ್ಲ. ಒಬ್ಬ ಹುಡುಗಿಯ ಹೆಸರು!

ಅಂದು ಡಾಕ್ಟರ್ ಶಿವಕಾಂತಮ್ಮ ಮೇಡಂ ನನ್ನನ್ನು ಚೇಂಬರಿಗೆ ಕರೆಸಿದರು. ಅವರು ನಮ್ಮ ನ್ಯಾನೋ ಗುಂಪಿನ ಮುಖ್ಯಸ್ಥೆ. ಗುಂಪೆಂದರೆ ನಾಲ್ಕು ಜನ ರಿಸರ್ಚ್ ಸ್ಕಾಲರುಗಳು, ಮೇಜಿನ ಮೇಲೆ ಕುಣಿಯುವ ಒಂದು ಸೆಂಟ್ರಿಫ್ಯೂಜ್, ದ್ರಾವಣ ಕಲಕುವ, ಕರೆಂಟು ಹೋದಾಗಲೆಲ್ಲ ನಿಲ್ಲುವ ಮೂರು ಸ್ಟರರ್‌ಗಳು. ಕೂದಲೆಳೆಯನ್ನು ಉದ್ದಕ್ಕೆ ಸಾವಿರ ಸೀಳು ಮಾಡಿದರೆ ಬರುವ ಒಂದು ಸೀಳಿಗಿಂತ ಸಣ್ಣ ಕಣಗಳನ್ನು ಅಲ್ಲಿ ಮಾಡುತ್ತಾರೆ. ನನಗಂತೂ ಒಂದೂ ಕಂಡಿಲ್ಲ. ಅವರಿಗೂ ಕಾಣುವುದಿಲ್ಲವಂತೆ. ನೋಡಲು ಬೆಂಗಳೂರಿಗೆ ಕಳಿಸಿ ಮೂರು ತಿಂಗಳು ಕಾಯುತ್ತಾರೆ.

"ಬಾಗ್ಲ ಹಾಕ್ರಿ ಮಡಿವಾಳಯ್ಯ. ಕುಂದ್ರಿ."

ಕೂತೆ. ಹನ್ನೆರಡು ವರ್ಷಗಳಲ್ಲಿ ಮೇಡಂ ನನ್ನನ್ನು ಕೂರಿಸಿದ್ದು ಅದೇ ಮೊದಲು.

"ವೃಂದಾನ ಕೆಲ್ಸ ನಿಮಗ ಗೊತ್ತದ?"

"ಬೆಳ್ಳಿ ಕಣ ಮಾಡಿ ಮಣ್ಣಿನ ಫಿಲ್ಟರ್ ಕ್ಯಾಂಡಲ್‌ಗಿ ಸವರ್ತಾಳ್ರಿ. ಬಾವಿ ನೀರು ಸೋಸಲಾಕ."

"ಹೌದು. ಮೊದ್ಲ ಭಾಳ ಚಲೋ ಬಂದಿತ್ತು. ಪೇಪರ್ ಕಳಿಸಿದ್ವಿ. ಇನ್ನೊಮ್ಮೆ ಮಾಡಿ ತೋರಿಸ್ರಿ ಅಂತ ಪೇಪರ್ ಪರೀಕ್ಷೆ ಮಾಡೋ ರೆಫರಿ ಬರದ. ಈಗ ಮೂರು ವಾರ ಆಯ್ತು... ಮೂವತ್ತು ಸಲ ಮಾಡ್ಯಾಳ. ಒಂದೂ ಬರವಲ್ದು!"

"ಅಂದ್ರ?"

"ಅಂದ್ರ ಮೊದಲಿಂದು ಸುಳ್ಳು ಬರದಾಳ. ಇಲ್ಲಾ, ಯಾರೋ ಈಗ ಕೆಡಸಾಕತ್ಯಾರ." ಮೇಡಂ ಕನ್ನಡಕ ತೆಗೆದರು. "ನಾನೇ ಯುನಿವರ್ಸಿಟಿಗಿ ಬರದು ತಿಳಿಸೀನಿ. ಮುಚ್ಚಿ ಇಡೋದು ನನಗ ಆಗಂಗಿಲ್ಲ. ಹತ್ತು ದಿನಕ್ಕ ಕಮಿಟಿ ಬರ್ತದ. ಶುಕ್ರವಾರ, ಹನ್ನೊಂದು ಗಂಟೆ. ಅವರ ಮುಂದ ಆಗಲಿಲ್ಲಂದ್ರ ಆಕೀ ಪಿಎಚ್.ಡಿ. ರಿಜಿಸ್ಟ್ರೇಷನ್ ರದ್ದು."

ಐದು ವರ್ಷ! ಆ ಹುಡುಗಿ ಚಿತ್ತಾಪುರದಿಂದ ಐದು ವರ್ಷ ದಿನಾ ರೈಲಿಗೆ ಬಂದು ಹೋಗಿ ಮಾಡಿದ ಕೆಲಸ.

"ಯಾರಂತ ಹುಡುಕ್ರಿ."

"ನಾನ್ಯಾಕ್ರಿ ಮೇಡಂ?"

"ನಿಮ್ಮ ಮ್ಯಾಲ ಯಾರಿಗೂ ಸಂಶಯ ಬರಂಗಿಲ್ಲ. ನೀವು ಇದ್ದದ್ದೇ ಯಾರಿಗೂ ಗೊತ್ತಾಗಂಗಿಲ್ಲ."

ಹೊಗಳಿಕೆಯೋ ಬೈಗುಳವೋ ಇವತ್ತಿಗೂ ಗೊತ್ತಿಲ್ಲ. ಒಪ್ಪಿಕೊಂಡೆ.

ಮೊದಲ ಸಂಶಯ ಮಹೇಶಕುಮಾರನ ಮೇಲೆ. ಅದೇ ಲ್ಯಾಬಿನ ಸೀನಿಯರ್ ಸ್ಕಾಲರ್. ಗಂಭೀರ ಮನುಷ್ಯ. ಪ್ರತಿ ಸೋಮವಾರ ಪೇಪರಿನಲ್ಲಿ ಸುತ್ತಿದ ಒಂದು ಗಂಟು ಹಿಡಿದು ಎಲ್ಲಿಗೋ ಮಾಯವಾಗುತ್ತಿದ್ದ. ಎಲ್ಲಿಗೆ?

ಬೆನ್ನು ಹತ್ತಿದೆ. ವಾಡಿಯಲ್ಲಿ ರೈಲು ಬದಲಿಸಿದ. ನಾನೂ ಬದಲಿಸಿದೆ. ಪೇಪರಿಗೆ ಎರಡು ತೂತು ಮಾಡಿ ಮುಖಕ್ಕೆ ಹಿಡಿದು ಕೂತೆ. ನಾಲವಾರದಲ್ಲಿ ಇಳಿದ. ನಾನೂ ಇಳಿದೆ. ಸೀದಾ ಮಠಕ್ಕೆ ನಡೆದ. ಗದ್ದುಗೆಯ ಮುಂದೆ ಗಂಟು ಬಿಚ್ಚಿದ... ಒಳಗೆ ಅವನ ಥೀಸಿಸ್ಸಿನ ಡ್ರಾಫ್ಟ್! ಆಶೀರ್ವಾದಕ್ಕೆ ತಂದಿದ್ದ. ನಮಸ್ಕಾರ ಮಾಡಿ, ದಾಸೋಹದ ಮನೆಗೆ ಹೋಗಿ ಬಡಿಸಲು ನಿಂತ.

ಕಂಬದ ಮರೆಯಲ್ಲಿದ್ದ ನನ್ನನ್ನು ನೋಡಿಯೇಬಿಟ್ಟ.

"ಅಯ್ನೋರ, ಸೇಡಂದಿಂದ ಹಿಂದ ಹಿಂದ ಬರಾಕತ್ತೀರಿ. ಹಸಿವಾಗ್ಯಾದೇನು? ಕುಂದ್ರಿ."

ಕೂತೆ. ಎರಡು ಸಲ ಹಾಕಿಸಿಕೊಂಡೆ. ಪತ್ತೇದಾರಿಕೆಯಲ್ಲಿ ನನಗೆ ಖಚಿತವಾದ ಮೊದಲ ಸತ್ಯ: ಹುಗ್ಗಿ ಚೆನ್ನಾಗಿತ್ತು.

ಎರಡನೆಯ ಸಂಶಯ ಎಲೆಯ ಮೇಲೆ. ವೃಂದಾ ಬೆಳ್ಳಿಯ ನೀರಿಗೆ ಒಂದು ಕಾಡುಗಿಡದ ಎಲೆಯ ಕಷಾಯ ಬೆರೆಸುತ್ತಾಳೆ. ಆಗ ನೀರು ಹಳದಿಯಾಗಿ, ಆಮೇಲೆ ಚಹಾದ ಬಣ್ಣಕ್ಕೆ ತಿರುಗಬೇಕು. ತಿರುಗಿದರೆ ಕಣ ಹುಟ್ಟಿತು ಅಂತ ಲೆಕ್ಕ. ಎಲೆ ಬರುವುದು ಚಿಂಚೋಳಿಯ ಆಚೆ ಕುಂಚಾವರಂ ಕಾಡಿನಿಂದ. ಎಲೆಯನ್ನೇ ಯಾರಾದರೂ ಬದಲಿಸಿದ್ದರೆ?

ಬಸ್ಸು ಹತ್ತಿದೆ. ಎಲೆ ಕೊಯ್ದು ಕೊಡುವ ಭಾಗಮ್ಮ ನನ್ನನ್ನು ಆ ಮರದ ಬುಡಕ್ಕೇ ಕರೆದೊಯ್ದಳು.

"ಚೆಟ್ಟು ಅದೇ ಸ್ವಾಮೀ." ಮರ ತಟ್ಟಿದಳು. "ಆಕೂ ಅದೇ." ಎಲೆ ಕಿತ್ತು ನನ್ನ ಕೈಗಿಟ್ಟಳು. "ಅಡವಿ ತುಂಬ ಇದೇ ಅದ. ಬ್ಯಾರೇದು ಹುಡುಕಿ ತರ್ಲಾಕ ನನಗೇನು ಹುಚ್ಚೇನು? ಇದು ಕೇಳಲಾಕ ನೂರು ಕಿಲೋಮೀಟರ್ ಬಂದಿಯಾ?"

ಬಂದಿದ್ದೆ. ಇನ್ನೊಂದು ನೂರು ವಾಪಸ್ ಹೋಗುವುದೂ ಇತ್ತು.

ಬುಧವಾರವಾಯಿತು. ಉಳಿದಿದ್ದು ಎರಡೇ ದಿನ. ಕೈಯಲ್ಲಿ ಸುಳಿವಿಲ್ಲ, ಕಳ್ಳನಿಲ್ಲ. ಲ್ಯಾಬಿಗೆ ಹೋದರೆ ವೃಂದಾ ಒಬ್ಬಳೇ ಮೂಲೆಯ ಸ್ಟೂಲಿನ ಮೇಲೆ ಕೂತು ಮೊಸರನ್ನ ಉಣ್ಣುತ್ತಿದ್ದಳು. ಉಣ್ಣುತ್ತಿದ್ದಳು ಅನ್ನುವುದಕ್ಕಿಂತ ಕಲಸುತ್ತಿದ್ದಳು.

"ಬರ್ರಿ ಅಯ್ನೋರ. ಮೂವತ್ನಾಲ್ಕನೇದೂ ಬರಲಿಲ್ಲ." ನಗಲು ನೋಡಿದಳು. ಆಗಲಿಲ್ಲ. "ಮೊದ್ಲ ಬಂದದ್ದು ಖರೇನೇ ಬಂದಿತ್ತೇನು ಅಂತ ಈಗ ನನಗ ಸಂಶಯ ಬರ್ಲಿಕತ್ತದ."

ಕಣ್ಣು ತಪ್ಪಿಸಿ ಅವಳ ಕೈ ನೋಡಿದೆ. ಮೊಸರನ್ನದಲ್ಲಿ ಬೆರಳುಗಳು. ಬೆಳ್ಳಗೆ, ಸ್ವಚ್ಛವಾಗಿ...

"ತಾಯಿ... ನಿಮ್ಮ ಬೆರಳು..."

"ಏನಾಗ್ಯಾವ್ರಿ?"

"ಏನೂ ಆಗಿಲ್ಲ. ಅದಕ್ಕ ಕೇಳಾಕತ್ತೀನಿ!"

ಮುಂಚೆ ಈ ಹುಡುಗಿಯ ಬೆರಳು ಸದಾ ಕಪ್ಪು. ಬೆಳ್ಳಿಯ ಆ ಉಪ್ಪು, ಸಿಲ್ವರ್ ನೈಟ್ರೇಟ್, ಚರ್ಮಕ್ಕೆ ತಾಗಿ ಬೆಳಕು ಬಿದ್ದರೆ ಸಾಕು, ಇದ್ದಿಲು ಹಿಡಿದ ಹಾಗೆ ಕಲೆ ಕಟ್ಟುತ್ತದೆ. ಎಂಟು ದಿನ ತಿಕ್ಕಿದರೂ ಹೋಗುವುದಿಲ್ಲ. ಅವಳ ತಾಯಿ ಸೀತಾಬಾಯಿ ಒಮ್ಮೆ ಲ್ಯಾಬಿಗೇ ಬಂದು ಜಗಳ ತೆಗೆದಿದ್ದರು: "ಇಂಥಾ ಕರೀ ಕೈ ಇಟ್ಕೊಂಡ್ರ ಹುಡುಗೀನ ನೋಡ್ಲಿಕ್ಕೆ ಯಾರ್ ಬರ್ತಾರ್ರಿ?"

"ಈ ತಿಂಗಳು ಅವ್ವಗ ಭಾಳ ಖುಷಿ, ಕೈ ಬೆಳ್ಳಗಾದ್ವು ಅಂತ..." ಅನ್ನುತ್ತ ವೃಂದಾ ತಟ್ಟನೆ ನಿಂತಳು. ಡಬ್ಬಿಯ ಮುಚ್ಚಳ ಠಣ್ಣನೆ ಉರುಳಿತು. ಅವಳ ಮುಖ ಬಿಳುಚಿತು.

ಡಬ್ಬಿಯ ಜೊತೆ ತಂದಿದ್ದ ಉಪ್ಪಿನಲ್ಲಿ ಒಂದು ಚಿಟಿಕೆ ನೀರಿಗೆ ಹಾಕಿದಳು. ಸೀಲಿನ ಬಾಟಲಿಯಿಂದ ಒಂದಿಷ್ಟು ಸಿಲ್ವರ್ ನೈಟ್ರೇಟ್ ಕರಗಿಸಿ ಅದಕ್ಕೆ ಬಿಟ್ಟಳು. ಬೆಳ್ಳಿ ಇದ್ದರೆ ಹಾಲು ಒಡೆದ ಹಾಗೆ ಬಿಳಿ ಗರಣೆ ಕಟ್ಟಬೇಕು.

ನೀರು ನೀರಾಗಿಯೇ ಇತ್ತು.

ಇನ್ನೊಂದು ಬಾಟಲಿ. ಅದೂ ನೀರೇ!

ಹೈಸ್ಕೂಲ್ ಹುಡುಗರು ಮಾಡುವ ಪರೀಕ್ಷೆ ಸ್ವಾಮಿ! ನೀರು ಬದಲಿಸಿದ್ದರು, ಎಲೆ ಬದಲಿಸಿದ್ದರು, ಬಿಸಿ ಏರಿಸಿದ್ದರು, ಇಳಿಸಿದ್ದರು, ನನ್ನಿಂದ ಸ್ಟರರ್ ಬಿಚ್ಚಿಸಿದ್ದರು. ಹೋದ ತಿಂಗಳು ಬಂದ ಹೊಸ ಬಾಟಲಿಗಳ ಮೇಲೆ ಮಾತ್ರ ಯಾರೂ ಸಂಶಯಪಟ್ಟಿರಲಿಲ್ಲ. ಯಾಕೆ? ಸೀಲ್ ಆಗಿತ್ತಲ್ಲ! ದೊಡ್ಡ ಕಂಪನಿಯ ಲೇಬಲ್ ಇತ್ತಲ್ಲ!

"ಈ ಬಾಟ್ಲಿ ಯಾರು ಕೊಟ್ಟದ್ದ್ರಿ?" ಅಂದಳು ವೃಂದಾ.

ನಾನು ಬಾಟಲಿ ತಿರುಗಿಸಿ ನೋಡಿದೆ. "ವಾಡಿದಾಗ... ಕಾಗಿಣಾ ಸೈಂಟಿಫಿಕ್ಸ್. ಭೀಮಶಾ."

ಪೂರ್ತಿ ಹೇಳಲಿಲ್ಲ. ಹೇಳುವ ಧೈರ್ಯ ಬರಲಿಲ್ಲ. ಭೀಮಶಾನನ್ನು ಈ ಲ್ಯಾಬಿಗೆ ಕರೆತಂದು, "ಭಾಳ ಪ್ರಾಮಾಣಿಕ ಮನುಷ್ಯಾರಿ ಮೇಡಂ" ಅಂದವನು ನಾನೇ! ಯಾಕೆಂದರೆ ಅವನು ಪ್ರತಿ ಹೊಸ ವರ್ಷಕ್ಕೆ ನನಗೊಂದು ಡೈರಿ ಕೊಡುತ್ತಿದ್ದ. ಹೋದಾಗಲೆಲ್ಲ ಚಹಾ ತರಿಸುತ್ತಿದ್ದ. "ಮೆಕ್ಯಾನಿಕ್ ಸಾಬ್" ಅನ್ನುತ್ತಿದ್ದ. ನನ್ನನ್ನು ಸಾಬ್ ಅಂದವನು ಜಗತ್ತಿನಲ್ಲಿ ಅವನೊಬ್ಬನೇ. ನಾನು ಅಷ್ಟಕ್ಕೇ ಬಿದ್ದಿದ್ದೆ.

ಗುರುವಾರ ಬೆಳಿಗ್ಗೆ ನನ್ನ ಟಿವಿಎಸ್ ಫಿಫ್ಟಿ ಏರಿ ವಾಡಿಗೆ ಹೋದೆ. ಭೀಮಶಾನ ಅಂಗಡಿಯ ಶಟರ್ ಇಳಿದಿತ್ತು. ಪಕ್ಕದಲ್ಲಿ ಜೈತುನ್ಬೀಯ ಚಹಾದ ಹೋಟೆಲು.

"ಮಾಲಕ್ರು ಎಲ್ಲಿ ಆಪಾ?"

"ಶಹಾಬಾದ್ ಖಣಿಗಿ ಹೋಗ್ಯಾರ. ಗುರುವಾರಕೊಮ್ಮೆ ಹೋಗ್ತಾರ. ಖಾಲಿ ಬಾಟ್ಲಿ ತುಂಬ್ಕೊಂಡು."

ಲ್ಯಾಬಿನ ಸಾಮಾನು ಮಾರುವವನಿಗೆ ಖಣಿಯಲ್ಲೇನು ಕೆಲಸ?

ಹೋಗಿ ನೋಡಿದೆ. ಶೆಡ್ಡಿನ ಬಾಗಿಲು ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ. ಕಲ್ಲು ಸಿಡಿಸುವ ಮದ್ದಿಗೆ ಹಾಕುವ ಪೆಟ್ಲುಪ್ಪಿನ ಚೀಲಗಳು. ಸಾಲಾಗಿ ಖಾಲಿ ಬಾಟಲಿಗಳು. ಸೀಲ್ ಒತ್ತುವ ಮಷೀನು. ಮೇಜಿನ ಮೇಲೆ ಒಂದು ಕಂದು ಜಾಡಿ, ಅದಕ್ಕೊಂದು ಚೀಟಿ. ಚೀಟಿಯಲ್ಲಿ ಬರೆದಿತ್ತು: 'ಅಸಲಿ'.

ಅವನ ಇಡೀ ವ್ಯಾಪಾರದಲ್ಲಿ ನಿಜ ಹೇಳುತ್ತಿದ್ದ ಲೇಬಲ್ ಅದೊಂದೇ!

ಪೂರ್ತಿ ಲೆಕ್ಕ ಆಮೇಲೆ ಪೊಲೀಸರಿಂದ ತಿಳಿಯಿತು: ಬಾಟಲಿಯಲ್ಲಿನ ಬೆಳ್ಳಿಯನ್ನು ಜಾಡಿಗೆ ಸುರಿದು ಹೈದರಾಬಾದಿನ ಕನ್ನಡಿ ಮಾಡುವವರಿಗೆ ಮಾರುವುದು. ಖಾಲಿಯಾದ ಬಾಟಲಿಗೆ ಪೆಟ್ಲುಪ್ಪು ತುಂಬಿ, ಸೀಲ್ ಒತ್ತಿ, ಕಾಲೇಜುಗಳಿಗೆ ಕೊಡುವುದು. ಎರಡೂ ಬಿಳಿ. ಎರಡೂ ನೀರಿನಲ್ಲಿ ಕರಗುತ್ತವೆ. ಕೇಳುವವರಾರು?

ಜಾಡಿಗೆ ಕೈ ಹಾಕಿದೆ. ಆಗಲೇ ಹೆಗಲ ಮೇಲೆ ಹಾಸುಗಲ್ಲು ಬಿತ್ತು...

ಈಗ ಬಾಟಲಿಗೆ ಬರೋಣ.

"ಹಾಕು" ಅಂದನಲ್ಲ ಭೀಮಶಾ? ಗೊಲ್ಲಾಳಪ್ಪ ಹೆಬ್ಬೆರಳಿನಿಂದಲೇ ಮುಚ್ಚಳ ತಿರುಗಿಸಿದ. ನಾನು ಕಣ್ಣು ಮುಚ್ಚಿದೆ. ಇಷ್ಟದೈವದ ಹೆಸರು ನೆನಪಾಗಲಿಲ್ಲ. ಸ್ಟರರ್‌ನ ಫ್ಯೂಸ್ ನಂಬರು ನೆನಪಾಯಿತು!

ಮೂಗು ಮಾತ್ರ ತನ್ನ ಕೆಲಸ ಮಾಡುತ್ತಿತ್ತು. ಹನ್ನೆರಡು ವರ್ಷ ಲ್ಯಾಬಿನಲ್ಲಿದ್ದ ಮೂಗು. ಅಸಲಿ ಕಾನ್ಸಂಟ್ರೇಟೆಡ್ ನೈಟ್ರಿಕ್ ಆಸಿಡ್ಡಿನ ಮುಚ್ಚಳ ಇಂಥ ಬಿಸಿಲಲ್ಲಿ ತೆರೆದರೆ ಹೊಗೆ ಏಳಬೇಕು. ಮೂಗಿಗೆ ಸೂಜಿ ಚುಚ್ಚಬೇಕು. ಕೆಮ್ಮು ಬರಬೇಕು.

ಏನೂ ಬರಲಿಲ್ಲ.

ಕಣ್ಣು ಬಿಟ್ಟೆ. ಹೊಗೆ ಇರಲಿಲ್ಲ!

"ಭೀಮಶಾ..." ಅಂದೆ. "ಇದರಾಗೂ ನೀರು ಹಾಕೀಯೇನು?"

ಭೀಮಶಾನ ಮುಖ ಒಂದು ಕ್ಷಣ ಜೋತುಬಿತ್ತು. ಆದರೆ ನನ್ನ ನಸೀಬು ನೋಡಿ, ನನಗೆ ಖಾತ್ರಿಯಿರಲಿಲ್ಲ. ಎಷ್ಟು ನೀರು? ಅರ್ಧವೋ, ಮುಕ್ಕಾಲೋ? ಗೊಲ್ಲಾಳಪ್ಪ ಅಷ್ಟರಲ್ಲಿ ಸುರಿದೇಬಿಟ್ಟ.

ಚಪ್ಪಲಿ ತೊಯ್ಯಿತು. ಕಾಲು ತೊಯ್ಯಿತು. ಮೂವರೂ ಕಾಲನ್ನೇ ನೋಡಿದೆವು.

ಸ್ವಲ್ಪ ಚುರುಗುಟ್ಟಿತು. ಉಪ್ಪಿನಕಾಯಿ ರಸ ಗಾಯಕ್ಕೆ ತಾಗಿದಷ್ಟು. ಅಷ್ಟೇ!

ಗೊಲ್ಲಾಳಪ್ಪ ಬಾಟಲಿಯ ಲೇಬಲ್ ನೋಡಿದ. ಧಣಿಯನ್ನು ನೋಡಿದ. "ಸಾವ್ಕಾರ್ರ... ಇದೂ ನಮ್ಮ ಮಾಲೇ ಏನ್ರಿ?"

ಹೆಗಲ ಮೇಲಿನ ಹಿಡಿತ ಸಡಿಲವಾಯಿತು. ಇಂಥ ಗಳಿಗೆ ಎರಡನೆಯ ಸಲ ಬರುವುದಿಲ್ಲ. ಒಂದು ಕೈಗೆ ಜಾಡಿ, ಇನ್ನೊಂದಕ್ಕೆ ಸೀಲ್ ಹಾಕಿದ ಒಂದು ಬಾಟಲಿ. ಹೊಟ್ಟೆಯನ್ನು ಮುಂದೆ ಬಿಟ್ಟುಕೊಂಡು ಓಡಿದೆ!

"ಹಿಡೀ ಅವನ್ನ!"

ಜಾಡಿಯನ್ನೂ ಬಾಟಲಿಯನ್ನೂ ಹ್ಯಾಂಡಲ್ಲಿನ ಚೀಲಕ್ಕೆ ತುರುಕಿ ಗಾಡಿ ಸ್ಟಾರ್ಟ್ ಮಾಡಲು ನೋಡಿದೆ. ಆಗಲಿಲ್ಲ. ಊರವರ ಮಷೀನೆಲ್ಲ ರಿಪೇರಿ ಮಾಡುವ ನಾನು, ನನ್ನದನ್ನು ಮುಟ್ಟಿ ಆರು ತಿಂಗಳಾಗಿತ್ತು! ಸೈಕಲ್ಲಿನ ಹಾಗೆ ಪೆಡಲ್ ತುಳಿದೆ. ಹಿಂದೆ ಜೀಪು ಗುಡುಗಿತು. ಇಳಿಜಾರಿನಲ್ಲಿ ಎಂಜಿನ್ ಎರಡು ಸಲ ಸೀನಿ ಹೊತ್ತಿಕೊಂಡಿತು.

ಭಯಂಕರ ಚೇಸ್ ಅಂದುಕೊಳ್ಳಬೇಡಿ. ನನ್ನ ಗಾಡಿಯ ಪರಮ ವೇಗ ಮೂವತ್ತೈದು. ಅದೂ ಗಾಳಿ ಹಿಂದಿನಿಂದ ಬಂದರೆ.

ಖಣಿಯ ತುಂಬ ಹಾಸುಗಲ್ಲಿನ ರಾಶಿಗಳು, ಆಳೆತ್ತರ. ನಡುವೆ ಕತ್ತೆ ಹೋಗುವಷ್ಟು ಓಣಿ. ನುಗ್ಗಿದೆ. ಎಡಕ್ಕೆ! ಬಲಕ್ಕೆ! ಮತ್ತೆ ಎಡಕ್ಕೆ! ಜೀಪು ಹೊರಗೇ ನಿಂತು ಹಾರ್ನ್ ಹೊಡೆಯಿತು. ಇನ್ನೊಂದು ತುದಿಯಲ್ಲಿ ಹೊರಬಿದ್ದು ಸ್ಟೇಷನ್ನಿನ ಕಡೆ ತಿರುಗಿಸಿದೆ. ವಾಡಿ ಕಡೆಯ ಪ್ಯಾಸೆಂಜರ್ ಆಗಲೇ ಕದಲುತ್ತಿತ್ತು. ಗಾಡಿಯನ್ನು ಅಲ್ಲೇ ಬೀಳಿಸಿ, ಚೀಲ ಎದೆಗವಚಿ, ಕೊನೆಯ ಬೋಗಿಯ ಬಾಗಿಲಿಗೆ ಜಿಗಿದೆ.

ಜೀಪು ಸುತ್ತಿ ಬಂದು ಸ್ಟೇಷನ್ ಸೇರಿತ್ತು. ನನ್ನ ಹಿಂದೆಯೇ ಇನ್ನೊಬ್ಬ ಜಿಗಿದ.

ಗೊಲ್ಲಾಳಪ್ಪ!

"ಕೊಡ್ರಿ ಚೀಲ," ಅಂದ ಏದುಸಿರಿನಲ್ಲಿ.

ಬೆನ್ನಿಗೆ ತೆರೆದ ಬಾಗಿಲು. ಕೆಳಗೆ ಓಡುವ ಕಲ್ಲು. ಹೊಡೆದಾಟಕ್ಕಿಳಿದರೆ ನನ್ನದು ಒಂದೇ ಏಟಿನ ಆಟ... ತಿನ್ನುವ ಏಟು. ಹಾಗಾಗಿ ಬಾಯಿಗೇ ಕೆಲಸ ಕೊಟ್ಟೆ.

"ಗೊಲ್ಲಾಳಪ್ಪ, ಆ ಬಾಟ್ಲಿದಾಗ ನೀರದ ಅಂತ ನಿನಗ ಗೊತ್ತಿತ್ತೇನು?"

ಅವನ ಕೈ ಚೀಲದ ಕಡೆ ಬಂದು ಅರ್ಧಕ್ಕೆ ನಿಂತಿತು.

"ಗೊತ್ತಿರಲಿಲ್ಲ. ಖರೇ ಆಸಿಡ್ ಅಂತ ತಿಳದೇ ಬಗ್ಗಿಸ್ದಿ. ಅದು ಖರೇ ಆಗಿದ್ರ ನನಗ ಕಾಲಿಲ್ಲ, ನಿನಗ ಹತ್ತು ವರ್ಷ ಜೇಲು. ಭೀಮಶಾಗ? ಏನೂ ಇಲ್ಲ. ಅವ ಕುರ್ಚಿ ಮ್ಯಾಲ ಕುಂತಿದ್ದ."

ರೈಲು ಖಡಖಡ ಅನ್ನುತ್ತಿತ್ತು. ಗೊಲ್ಲಾಳಪ್ಪ ತನ್ನ ಕೈಗಳನ್ನು ನೋಡಿಕೊಂಡ.

"ಮೂರು ವರ್ಷದಿಂದ ಅದೇ ಬಾಟ್ಲಿ ಕೊಡಾಕತ್ಯಾನ್ರಿ," ಅಂದ ಮೆಲ್ಲಗೆ. "ಎಷ್ಟು ಮಂದಿಗಿ ಹೆದರ್ಸೀನಿ ಅದರಿಂದ! ಯಾರರೆ ಹೆದರಲಾರದೇ ನಿಂತಿದ್ರ... ನನ್ನ ಮರ್ಯಾದಿ ಏನಾಗ್ತಿತ್ರಿ?"

ಎರಡು ತಾಸಿನ ಹಿಂದೆ ನನಗೆ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಆ ಮನುಷ್ಯನನ್ನು ನಾನು ಸಮಾಧಾನ ಮಾಡಿದೆ!

ವಾಡಿ ಬಂತು. ಗೊಲ್ಲಾಳಪ್ಪ ಇಳಿದ. ತಿರುಗಿ ನೋಡದೆ ಜೈತುನ್ಬೀಯ ಹೋಟೆಲಿನ ಕಡೆ ನಡೆದ. ಆಮೇಲೆ ಒಂಬತ್ತು ನಿಮಿಷ ಚೀಲ ತಬ್ಬಿಕೊಂಡೇ ನಿಂತಿದ್ದೆ. ಗಡಿಯಾರ ನೋಡಿ ಹೇಳುತ್ತಿದ್ದೇನೆ.

ಸೇಡಂ ರೈಲಿನಲ್ಲಿ ಕೂತಾಗ ಕೈ ನೋಡಿಕೊಂಡೆ. ಜಾಡಿಯ ಬಾಯಿಗೆ ಮೆತ್ತಿದ್ದ ಪುಡಿ ಬೆವರಿಗೆ ಅಂಟಿತ್ತು. ಬೆರಳು ಕಂದಾಗಿದ್ದವು. ಚಿತ್ತಾಪುರ ದಾಟುವಷ್ಟರಲ್ಲಿ ಕಪ್ಪಾದವು. ಎದುರು ಕೂತ ಅಜ್ಜಿ ಅನುಮಾನದಿಂದ ದೂರ ಸರಿದಳು. ನನಗೋ ಕುಣಿಯುವಷ್ಟು ಆನಂದ. ಅಸಲಿ! ಅಸಲಿಯೇ!

ಸಂಜೆಯಾಗುವ ಮುಂಚೆ ಲ್ಯಾಬ್ ಸೇರಿದೆ. ಜಾಡಿಯನ್ನು ವೃಂದಾಳ ಮುಂದಿಟ್ಟೆ. ಆಸಿಡ್ಡಿನ ಮುಂದೆ ಇರದಿದ್ದ ಧೈರ್ಯ ಎಲ್ಲಿಂದಲೋ ಬಂತು.

"ತಾಯಿ, ಭೀಮಶಾನ್ನ ಇಲ್ಲಿಗಿ ಕರಕೊಂಡು ಬಂದವ ನಾನು. ಒಂದು ಡೈರಿ, ಒಂದು ಕಪ್ ಚಹಾ... ಅಷ್ಟಕ್ಕ ಮೇಡಂ ಮುಂದ ಅವನ ಹೊಗಳ್ದೆ. ತಪ್ಪು ನಂದು."

ಅವಳು ಜಾಡಿಯನ್ನು ತನ್ನ ಕಡೆ ಎಳೆದುಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

"ಒಂದು ತಿಂಗಳು ನನ್ನ ಕೈನೇ ನಾ ನಂಬಲಿಲ್ರಿ ಅಯ್ನೋರ," ಅಂದಳು ಕೊನೆಗೆ. "ನಿಮ್ಮ ಮ್ಯಾಲೆ ಸಿಟ್ಟು ಮಾಡ್ಲಿಕ್ಕೂ ಈಗ ತ್ರಾಣ ಇಲ್ಲ. ಎರಡನೇ ಸ್ಟರರ್ ನಿಂತದ. ಮೊದ್ಲ ಅದು ಮಾಡಿಕೊಡ್ರಿ."

ಮಾಡಿಕೊಟ್ಟೆ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಯಾವ ಸ್ಟರರನ್ನೂ ರಿಪೇರಿ ಮಾಡಿಲ್ಲ.

ಶುಕ್ರವಾರ ಹನ್ನೊಂದು. ಕಮಿಟಿಯ ಮೂವರು ಸಾಲಾಗಿ ಕೂತರು. ನಡುವಿನವರು ಬೆಂಗಳೂರಿನವರು, ದಪ್ಪ ಕನ್ನಡಕ, ನಗು ಗೊತ್ತಿಲ್ಲದ ಮುಖ. ವೃಂದಾ ಎರಡು ಫ್ಲಾಸ್ಕ್ ಇಟ್ಟಳು. ಒಂದಕ್ಕೆ ಶೆಡ್ಡಿನಿಂದ ತಂದ ಸೀಲಿನ ಬಾಟಲಿಯನ್ನು ಅವರ ಕೈಯಿಂದಲೇ ಒಡೆಸಿ ಹಾಕಿದಳು. ಇನ್ನೊಂದಕ್ಕೆ ಜಾಡಿಯದು. ಎರಡಕ್ಕೂ ಎಲೆಯ ಕಷಾಯ.

ಐದು ನಿಮಿಷ. ಏನೂ ಇಲ್ಲ.

ಹತ್ತು ನಿಮಿಷ. ಮೇಡಂ ಸೆರಗು ಬಿಗಿಹಿಡಿದಿದ್ದರು. ಬಾಗಿಲ ಬಳಿ ಮಹೇಶಕುಮಾರ ಕಣ್ಣು ಮುಚ್ಚಿ ಏನೋ ಗುನುಗುತ್ತಿದ್ದ.

ಹನ್ನೆರಡನೆಯ ನಿಮಿಷಕ್ಕೆ ಜಾಡಿಯ ಫ್ಲಾಸ್ಕ್ ಹಳದಿಗೆ ತಿರುಗಿತು. ಆಮೇಲೆ ಜೇನು. ಆಮೇಲೆ... ಕಡಕ್ ಚಹಾ! ಪಕ್ಕದ ಫ್ಲಾಸ್ಕ್ ಕಷಾಯದ ನೀರಾಗಿಯೇ ಉಳಿಯಿತು.

ದಪ್ಪ ಕನ್ನಡಕದವರು ಎದ್ದು ಎರಡೂ ಫ್ಲಾಸ್ಕ್ ಬೆಳಕಿಗೆ ಹಿಡಿದರು. ಮೇಡಂ ಮುಂದೆ ಬಂದರು.

"ಸೀಲ್ ನಂಬಿದೆ. ಹುಡುಗೀನ ನಂಬಲಿಲ್ಲ. ತಪ್ಪು ನಂದು ಅಂತ ಬರ್ಕೋರಿ."

ಅವರು ಬರೆದುಕೊಂಡರು. ವೃಂದಾ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಹೆಗಲು ಅಲುಗುತ್ತಿತ್ತು.

ಭೀಮಶಾ ಎಂಟು ದಿನಕ್ಕೆ ಪೊಲೀಸರ ಕೈಗೆ ಸಿಕ್ಕ, ಚೀಲ ಮತ್ತು ಮಷೀನಿನ ಸಮೇತ. ಯಾರು ಸುಳಿವು ಕೊಟ್ಟರೆಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಮುಂದಿನ ವರ್ಷ ವೃಂದಾ ಡಾಕ್ಟರ್ ವೃಂದಾ ಆದಳು.

ನನಗೆ? ನನಗೂ ಬಂತು. ಯುನಿವರ್ಸಿಟಿಯಿಂದ ರಿಜಿಸ್ಟರ್ಡ್ ಅಂಚೆ. ಸನ್ಮಾನದ ಪತ್ರವೆಂದು ಒಡೆದೆ. ಮೆಮೋ! ಸದರಿ ಸಿಲ್ವರ್ ನೈಟ್ರೇಟನ್ನು ನಿಯಮದ ಪ್ರಕಾರ ಮೂವರು ಮಾರಾಟಗಾರರಿಂದ ದರದ ಕೊಟೇಶನ್ ಪಡೆಯದೆ ತಂದಿದ್ದೇಕೆ? ಏಳು ದಿನದೊಳಗೆ ಉತ್ತರಿಸತಕ್ಕದ್ದು.

ಅದೇ ದಿನ ಉತ್ತರಿಸಿದೆ: "ಮಾನ್ಯರೇ, ಕಳ್ಳ ಒಬ್ಬನೇ ಇದ್ದ. ಇನ್ನಿಬ್ಬರನ್ನು ಹುಡುಕುವಷ್ಟು ಸಮಯವಿರಲಿಲ್ಲ."